ಎನ್‌ಡಿಎ ಸೇರಿದರೆ ಜನರಲ್ ಆಗೋದು ಗ್ಯಾರಂಟಿನಾ?

ಊರಿಂದ ಪುಣೆಗೆ ಬಂದ ನೆಂಟರು ಖಡಕವಾಸ್ಲಾದ ಎನ್‌ಡಿಎ, ಅಂದರೆ ಸೇನೆಗೆ ಆಫೀಸರ್‌ಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ನೋಡದೆ ಹೋಗುವುದಿಲ್ಲ. ನೋಡಿ ಬಂದ ಮೇಲೆ ಒಂದೇ ಪ್ರಶ್ನೆ. "ಕಾಕಾ, ನಮ್ಮ ಹುಡುಗಗ ಇಲ್ಲಿ ಸೀಟು ಸಿಕ್ಕರ ಮುಂದ ಜನರಲ್ ಆಗೂದು ಗ್ಯಾರಂಟಿ ಅಲ್ಲೇನ್ರಿ?"

ನನ್ನನ್ನೇ ಕೇಳೋಕೆ ಕಾರಣ ಇದೆ. ಭೂಸೇನೆಯ ಆಫೀಸರ್‌ಗಳ ಪಗಾರದ ಲೆಕ್ಕ ಇಡುವ ಕಚೇರಿ ಇರುವುದು ಪುಣೆಯ ಗೋಳಿಬಾರ್ ಮೈದಾನದಲ್ಲಿ. ನಾನು ನೌಕರಿ ಮಾಡಿದ್ದು ಅಲ್ಲೇ. ಒಬ್ಬೊಬ್ಬರಿಗೂ ಒಂದೊಂದು ಲೆಡ್ಜರ್ ಖಾತೆ. ಆಫೀಸರ್ ಲಡಾಖ್‌ನಲ್ಲಿರಲಿ, ನಾಗಾಲ್ಯಾಂಡ್‌ನಲ್ಲಿರಲಿ, ಬಡ್ತಿ, ಭತ್ಯೆ ಎಲ್ಲ ಅದರಲ್ಲೇ ಬೀಳುತ್ತದೆ. ನಾನು ಜನರಲ್‌ಗಳನ್ನು ಬಲ್ಲದ್ದು ಪರೇಡಿನಿಂದಲ್ಲ, ಆ ಖಾತೆಗಳಿಂದ.

ಗ್ಯಾರಂಟಿ ಇರುವುದು ಲೆಫ್ಟಿನೆಂಟ್ ಕರ್ನಲ್‌ವರೆಗೆ, ಅಷ್ಟೇ. 56,100 ಮೂಲ ಪಗಾರದ ಲೆಫ್ಟಿನೆಂಟ್ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾರೆ. ನಡುವೆ ಪರೀಕ್ಷೆಗಳಿರುತ್ತವೆ, ಪಾಸಾಗಬೇಕು. ಅಲ್ಲಿಂದ ಮುಂದೆ ಕರ್ನಲ್, ಬ್ರಿಗೇಡಿಯರ್, ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್ ಮೆಟ್ಟಿಲುಗಳಿಗೆ ಸೆಲೆಕ್ಷನ್ ಬೋರ್ಡ್. ವರ್ಷವರ್ಷದ ಗೋಪ್ಯ ವರದಿಗಳನ್ನು ಮುಂದಿಟ್ಟುಕೊಂಡು ಒಂದೇ ಬ್ಯಾಚಿನವರನ್ನು ತೂಗುತ್ತಾರೆ. ತುಂಬಾ ಜನ ನಿಲ್ಲುವುದು ಇಲ್ಲೇ. 26 ವರ್ಷ ಮುಗಿಸಿದರೆ ಕರ್ನಲ್ ಹುದ್ದೆ ಸಿಗುತ್ತದೆ, ಆದರೆ ಅದು ಬೋರ್ಡ್ ಕೊಟ್ಟ ಕರ್ನಲ್ ಅಲ್ಲ. ಆ ಕರ್ನಲ್‌ಗೆ ಪಟಾಲಂ (ಬೆಟಾಲಿಯನ್) ನಡೆಸೋ ಅವಕಾಶ ಸಿಗುವುದಿಲ್ಲ, ಅದು ಸಿಗದವರು ಬ್ರಿಗೇಡಿಯರ್ ಆಗುವುದು ಕಷ್ಟ. ಹಾಗಾಗಿ ಜನರಲ್ ವಿಷಯ ಬಿಡಿ, ಕರ್ನಲ್ ಹೇಗೆ ಆಗುತ್ತಾರೆ ಅಂತ ಕೇಳಿ ಅಂತೀನಿ.

ಸೇನಾ ಮುಖ್ಯಸ್ಥರಾಗಿದ್ದ, ಪುಣೆಯವರೇ ಆದ ಮನೋಜ್ ನರವಣೆ ಅವರನ್ನು ನೋಡಿ. ಜ್ಞಾನಪ್ರಬೋಧಿನಿ ಶಾಲೆ, ಆಮೇಲೆ ಎನ್‌ಡಿಎ. 1980ರ ಜೂನ್‌ನಲ್ಲಿ ಸಿಖ್ ಲೈಟ್ ಇನ್ಫೆಂಟ್ರಿ ಸೇರಿದರು. ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್, ಕೊಹಿಮಾದಲ್ಲಿ ಅಸ್ಸಾಂ ರೈಫಲ್ಸ್, ಕೋಲ್ಕತ್ತದಲ್ಲಿ ಪೂರ್ವ ಕಮಾಂಡ್, ಆಮೇಲೆ ಉಪಮುಖ್ಯಸ್ಥರು. 2019ರ ಡಿಸೆಂಬರ್ 31ಕ್ಕೆ ಸೇನಾ ಮುಖ್ಯಸ್ಥರಾದರು. ಅಲ್ಲಿಗೆ ಬರೋಬ್ಬರಿ 39 ವರ್ಷ ದಾಟಿತ್ತು.

ಇನ್ನೊಂದು ಸಂಗತಿ ಯಾರೂ ಕೇಳುವುದಿಲ್ಲ. ಹುಟ್ಟಿದ ತಾರೀಖು! ಮುಖ್ಯಸ್ಥರಿಗೆ 3 ವರ್ಷ ಇಲ್ಲವೇ 62 ವಯಸ್ಸು, ಯಾವುದು ಮೊದಲೋ ಅದು. ನರವಣೆ ಹುಟ್ಟಿದ್ದು 1960ರ ಏಪ್ರಿಲ್, ಹಾಗಾಗಿ 2022ರ ಏಪ್ರಿಲ್ ಕೊನೆಗೆ ಇಳಿದರು. ಅವರ ಜಾಗಕ್ಕೆ ಬಂದ ಮನೋಜ್ ಪಾಂಡೆ ನಮ್ಮ ಖಡಕಿಯ ಬಾಂಬೆ ಸ್ಯಾಪರ್ಸ್‌ನವರು. ಎಂಜಿನಿಯರ್ ದಳದವರು ಮುಖ್ಯಸ್ಥರಾಗಿದ್ದು ಅದೇ ಮೊದಲು. ನರವಣೆ ಇನ್ನೊಂದಿಷ್ಟು ತಿಂಗಳು ಚಿಕ್ಕವರಾಗಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತೋ ಏನೋ. ಲೆಫ್ಟಿನೆಂಟ್ ಜನರಲ್‌ಗೆ 60ಕ್ಕೇ ನಿವೃತ್ತಿ. ಅಷ್ಟರೊಳಗೆ ಮೇಲಿನ ಕುರ್ಚಿ ಖಾಲಿಯಾಗಬೇಕು. ಅದೃಷ್ಟ ಅಂದರೆ ಆಫೀಸರ್‌ಗಳಿಗೆ ಸಿಟ್ಟು ಬರುತ್ತದೆ, ಆದರೆ ನನಗೆ ಹಾಗೇ ಕಾಣುತ್ತದೆ.

ಊರವರು ತಕ್ಷಣ ಕಾರ್ಯಪ್ಪನವರ ಹೆಸರು ತೆಗೆಯುತ್ತಾರೆ. ಅವರ ಯೋಗ್ಯತೆ ದೊಡ್ಡದು, ಆದರೆ ಕಾಲವೂ ಬೇರೆ. 1949ರಲ್ಲಿ ಬ್ರಿಟಿಷರು ಕುರ್ಚಿ ಬಿಟ್ಟು ಹೊರಟಿದ್ದರು. ಐವತ್ತು ವಯಸ್ಸಿನ ಹತ್ತಿರ ಕಾರ್ಯಪ್ಪ ಇಡೀ ಸೇನೆಯ ಮುಖ್ಯಸ್ಥರಾದರು. ಈಗ ಆ ವಯಸ್ಸಿಗೆ ಬ್ರಿಗೇಡಿಯರ್ ಆದರೂ ದೊಡ್ಡದು.

ಪಗಾರದ್ದೂ ಕೇಳುತ್ತಾರೆ. ಮುಖ್ಯಸ್ಥರ ಮೂಲ ಪಗಾರ ತಿಂಗಳಿಗೆ 2,50,000. ಒಂದು ಮಜಾ ಕೇಳಿ. ಲೆಫ್ಟಿನೆಂಟ್‌ನಿಂದ ಬ್ರಿಗೇಡಿಯರ್‌ವರೆಗೆ ಎಲ್ಲರಿಗೂ 15,500 ಮಿಲಿಟರಿ ಸರ್ವಿಸ್ ಪೇ ಇರುತ್ತದೆ. ಮೇಜರ್ ಜನರಲ್ ಆದರೆ ಅದು ಇಲ್ಲ. ಸ್ಲಿಪ್ಪಿನಲ್ಲಿ ಆ ಸಾಲು ಕಾಣೆಯಾದರೆ ಹೆಸರು ನೋಡದೆ ಹೇಳಬಹುದು, ಇವರೀಗ ಜನರಲ್ ಸಾಹೇಬರು ಅಂತ.

ಈಚೆಗೆ ಹುಡುಗಿಯರ ತಂದೆತಾಯಿಯೂ ಕೇಳುತ್ತಾರೆ. ಎನ್‌ಡಿಎಯಿಂದ ಹುಡುಗಿಯರ ಮೊದಲ ಬ್ಯಾಚ್ ಹೊರಬಂದಿದ್ದು 2025ರ ಮೇನಲ್ಲಿ. ಅವರಲ್ಲಿ ಭೂಸೇನೆ ಸೇರುವವರು ಕರ್ನಲ್ ಬೋರ್ಡಿನ ಮುಂದೆ ಬರುವುದು 2040 ದಾಟಿದ ಮೇಲೆ. ಜನರಲ್ ಪ್ರಶ್ನೆ ಆಮೇಲೆ ಕೇಳಿ.