ಗ್ರಾಂ ಸರಿ, ಆದರೆ ಯಾವುದರ ಗ್ರಾಂ?

ಮೇ-ಜೂನ್‌ನಲ್ಲಿ 20 ದಿನದೊಳಗೆ 70 ಮಿಲಿಮೀಟರ್ ಮಳೆ ಬಿದ್ದರೆ ಕಾಳುಮೆಣಸಿನ ಬಳ್ಳಿ ಚಿಗುರಿ ಹೂ ಬಿಡಲು ಸಾಕು ಎಂದು ಕೈಪಿಡಿಗಳಲ್ಲಿ ಬರೆದಿರುತ್ತಾರೆ. ನಮ್ಮ ಮೂಡಿಗೆರೆ ಕಡೆ ಮಿಲಿಮೀಟರ್‌ನಲ್ಲಿ ಮಳೆ ಹೇಳುವವರು ಎಷ್ಟು ಜನ? ಫೋನ್ ಮಾಡಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಇಂಚಾಯ್ತು, ಎಷ್ಟು ಸೆಂಟು?" ಇಂಚಿಗೆ 25.4 ಮಿ.ಮೀ., ಇಂಚಿನ ನೂರರಲ್ಲೊಂದು ಪಾಲು ಸೆಂಟು. 70 ಮಿ.ಮೀ. ಅಂದರೆ ಹತ್ತಿರತ್ತಿರ 2 ಇಂಚು 75 ಸೆಂಟು. ಅಷ್ಟೇ.

ಮಳೆ ಲೆಕ್ಕ ಸುಲಭ. ಜಾಸ್ತಿ ತಲೆ ಕೆಡಿಸುವುದು ಗೊಬ್ಬರ. "ಬಳ್ಳಿಗೆ ವರ್ಷಕ್ಕೆ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) 50:50:150 ಗ್ರಾಂ" ಎಂಬ ಸಾಮಾನ್ಯ ಶಿಫಾರಸು ಓದಿ ತುಂಬಾ ಜನ 50 ಗ್ರಾಂ ಯೂರಿಯಾ, 150 ಗ್ರಾಂ ಪೊಟ್ಯಾಷ್ ಗೊಬ್ಬರ ಹಾಕಿ ಮುಗಿಸುತ್ತಾರೆ. ಅಲ್ಲಿರುವ ಗ್ರಾಂ ಚೀಲದೊಳಗಿನ ಗೊಬ್ಬರದ್ದಲ್ಲ, ಅದರಲ್ಲಿರುವ ಪೋಷಕಾಂಶದ್ದು. ಯೂರಿಯಾದಲ್ಲಿ ಸಾರಜನಕ ಇರುವುದು 46%. ಹಾಗಾಗಿ 50ನ್ನು 0.46ರಿಂದ ಭಾಗಿಸಬೇಕು, ಸುಮಾರು 109 ಗ್ರಾಂ ಯೂರಿಯಾ ಬರುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿ ಪೊಟ್ಯಾಷ್ 60% ಆದ್ದರಿಂದ 250 ಗ್ರಾಂ ಬೇಕು. ರಂಜಕಕ್ಕೆ ಹಾಕುವ ರಾಕ್ ಫಾಸ್ಫೇಟ್ 20%ದ್ದಾದರೆ ಅದೂ 250 ಗ್ರಾಂ. ಚೀಲದ ಮೇಲಿನ ಶೇಕಡಾ ನೋಡದೆ ಲೆಕ್ಕ ಶುರು ಮಾಡಲೇಬೇಡಿ. ಇದು ಬಳ್ಳಿ ನೆಟ್ಟ ಮೂರನೇ ವರ್ಷದಿಂದ ಕೊಡುವ ಪೂರ್ತಿ ಪ್ರಮಾಣ, ಅದನ್ನೂ ಎರಡು ಕಂತಿನಲ್ಲಿ. ಮೊದಲ ವರ್ಷ ಮೂರರಲ್ಲಿ ಒಂದು ಪಾಲು, ಎರಡನೇ ವರ್ಷ ಮೂರರಲ್ಲಿ ಎರಡು ಪಾಲು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಲ್ಲಿ ಹೇಳಿದ ಹಾಗೆ ಹಾಕಿ, ಅದೇ ಒಳ್ಳೆಯದು.

ಇನ್ನೊಂದು ಗೋಜಲು ಹೆಕ್ಟೇರಿನದ್ದು. ಹೆಕ್ಟೇರ್ ಅಂದರೆ 2.47 ಎಕರೆ, ಅದು ಎಲ್ಲರಿಗೂ ಗೊತ್ತು. ಆದರೆ ಪುಸ್ತಕದ ಹೆಕ್ಟೇರಿನಲ್ಲಿ 3 ಮೀಟರ್ ಅಂತರಕ್ಕೆ ಒಂದರಂತೆ 1,111 ಬಳ್ಳಿ ಇರುತ್ತವೆ, ಬರೀ ಮೆಣಸಿನ ತೋಟ. ನಮ್ಮಲ್ಲಿ ಕಾಫಿ ಮಧ್ಯೆ ಸಿಲ್ವರ್ ಓಕ್ ಮರ ಎಲ್ಲಿದೆಯೋ ಅಲ್ಲಿ ಬಳ್ಳಿ, ಎಕರೆಗೆ ಎಷ್ಟು ಎಂದು ಕೇಳಿದರೆ ಒಂದೊಂದು ತೋಟದಲ್ಲಿ ಒಂದೊಂದು ಉತ್ತರ. ಹಾಗಾಗಿ ಹೆಕ್ಟೇರ್ ಲೆಕ್ಕ ಬಿಟ್ಟು ಬಳ್ಳಿ ಎಣಿಸಿ ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ.

ಔಷಧಿಗೆ ಬಂದರೆ ಎಲ್ಲವನ್ನೂ 200 ಲೀಟರ್ ಬ್ಯಾರಲ್‌ಗೆ ಇಳಿಸಿಕೊಳ್ಳಿ. 1% ಅಂದರೆ 100 ಲೀಟರ್‌ಗೆ 1 ಕಿಲೋ, ಅಂದರೆ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬ್ಯಾರಲ್‌ಗೆ 2 ಕಿಲೋ ಮೈಲುತುತ್ತ, 2 ಕಿಲೋ ಸುಣ್ಣ. ಬುಡಕ್ಕೆ ಹುಯ್ಯುವ ತಾಮ್ರದ ಔಷಧಿ ಕಾಪರ್ ಆಕ್ಸಿಕ್ಲೋರೈಡ್ 0.2% ಎಂದಿದ್ದರೆ ಬ್ಯಾರಲ್‌ಗೆ 400 ಗ್ರಾಂ ಪುಡಿ. ಪೊಟ್ಟಣದ ಮೇಲೆ 50% ಎಂದು ಕಂಡು ಡಬಲ್ ಮಾಡಬೇಡಿ, ಇಲ್ಲಿ ಹೇಳಿರುವುದು ಪುಡಿಯ ಲೆಕ್ಕವೇ. ಗೊಬ್ಬರದಲ್ಲಿ ಒಂದು ರೀತಿ, ಔಷಧಿಯಲ್ಲಿ ಇನ್ನೊಂದು ರೀತಿ, ಬರೆಯುವವರು ಒಂದು ಮಾತು ಸೇರಿಸಿದ್ದರೆ ಏನಾಗುತ್ತಿತ್ತು ಅಲ್ವಾ?

ಪಿಪಿಎಂ ಹೆಸರಷ್ಟೇ ದೊಡ್ಡದು. ಲೀಟರ್ ನೀರಿಗೆ 1 ಮಿಲಿಗ್ರಾಂ ಹಾಕಿದರೆ 1 ಪಿಪಿಎಂ. ನರ್ಸರಿಯಲ್ಲಿ ಬಳ್ಳಿ ತುಂಡುಗಳಿಗೆ ಬೇರು ಬರಿಸುವ ಹಾರ್ಮೋನ್ ಐಬಿಎ 1,000 ಪಿಪಿಎಂ ಎಂದರೆ ಲೀಟರ್‌ಗೆ 1 ಗ್ರಾಂ. ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ, ಅದರ ಪೊಟ್ಟಣದ ಸಿಎಫ್‌ಯು ಮಾತ್ರ ತೂಕವಲ್ಲ, ಒಂದು ಗ್ರಾಂನಲ್ಲಿ ಬೆಳೆಯಬಲ್ಲ ಜೀವ ಎಷ್ಟಿದೆ ಎಂಬ ಎಣಿಕೆ. ಹಳೇ ಪೊಟ್ಟಣದಲ್ಲಿ ತೂಕ ಅಷ್ಟೇ ಇರುತ್ತದೆ, ಜೀವ ಇರುವುದಿಲ್ಲ. ತಾರೀಖು ನೋಡಿ ತನ್ನಿ.

ಕೊನೆಗೆ ಲೀಟರ್ ತೂಕ. ವ್ಯಾಪಾರಿ "550 ಬೇಕು" ಎಂದರೆ ಒಂದು ಲೀಟರ್ ಅಳತೆಯಲ್ಲಿ ತುಂಬುವ ಒಣ ಮೆಣಸು 550 ಗ್ರಾಂ ತೂಗಬೇಕು ಎಂದರ್ಥ. ಜೊಳ್ಳು ಜಾಸ್ತಿ ಇದ್ದರೆ ತೂಗುವುದಿಲ್ಲ. ಮಾರುವ ಮೊದಲು ಮನೆಯಲ್ಲೇ ನೋಡಿಕೊಳ್ಳಬಹುದು. ಮೊದಲು ಅಳೆಯುವ ಲೀಟರ್ ಮಗ್ಗಿಗೆ ಅಂಚಿನವರೆಗೆ ನೀರು ತುಂಬಿ ತೂಗಿ, ನೀರಿನ ತೂಕ 1 ಕಿಲೋ ಬಂದರೆ ಮಗ್ಗು ಸರಿಯಾದ ಲೀಟರ್. ಒರೆಸಿ ಒಣಗಿಸಿ ಮೆಣಸು ತುಂಬಿ, ಮೇಲೆ ಸ್ಕೇಲ್ ಎಳೆದು ಸಮ ಮಾಡಿ ತೂಗಿ. ಕುಟ್ಟಿ ತುಂಬಬೇಡಿ, ವ್ಯಾಪಾರಿ ಹಾಗೆ ತುಂಬುವುದಿಲ್ಲ.