ನೀರು ಮಾರಿದೆ

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಇಟಲಿ ಅಜ್ಜ ಬೇಲಿಯ ಮೇಲಿಂದ ಒಂದು ಚೀಲ ಕಿತ್ತಳೆ ದಾಟಿಸಿ, "ಈ ಸಲ ಭತ್ತ ಹಾಕ್ತಿಲ್ಲ. ನೀರು ಮಾರಿದೆ" ಅಂದ. ಹಳೇ ಸ್ಕೂಟರ್ ಮಾರಿದವನ ದನಿ.

ಆಸ್ಟ್ರೇಲಿಯಾದ ಗ್ರಿಫಿತ್‌ಗೆ ಬಂದು ಎರಡು ವರ್ಷವಾಯಿತು. ವರ್ಷಕ್ಕೆ 400 ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ ಅನ್ನುವ ಬಯಲಲ್ಲಿ ಭತ್ತ, ದ್ರಾಕ್ಷಿ, ಕಿತ್ತಳೆ. ಎಲ್ಲ ಮರಮ್‌ಬಿಜಿ ನದಿಯ ನಾಲೆಯ ದಯೆ. ಊರಿನ ನಕ್ಷೆ ಬರೆದವನು ಇಲ್ಲಿನ ರಾಜಧಾನಿ ಕ್ಯಾನ್‌ಬೆರಾದ ನಕ್ಷೆ ಬರೆದ ವಾಲ್ಟರ್ ಬರ್ಲಿ ಗ್ರಿಫಿನ್. ಬೀದಿಗಳೆಲ್ಲ ಬಳೆಯ ಹಾಗೆ ಸುತ್ತು. ಮೊದಲ ತಿಂಗಳು ಹಾಲು ತರಲು ಹೋಗಿ ದಾರಿ ತಪ್ಪಿದಾಗೆಲ್ಲ ಆತನನ್ನು ಬೈದಿದ್ದೇನೆ. ಆಮೇಲೆ ಗೊತ್ತಾಯಿತು, ಪುಣ್ಯಾತ್ಮ 1937ರಲ್ಲಿ ತೀರಿಕೊಂಡದ್ದು ನಮ್ಮ ಲಖನೌದಲ್ಲಿ. ಬೈಯುವುದು ಬಿಟ್ಟೆ.

ಅಜ್ಜನ ಮಾತನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮದು ಮಳವಳ್ಳಿ ಕಡೆ, ವಿ.ಸಿ. ನಾಲೆಯ ಕೊನೇ ಭಾಗ.

"ನೀರ್ ಮಾರುದ್ನಾ? ಅದೇನ್ ಅವರಪ್ಪುಂದಾ?"

ಕಾನೂನಿನ ಪ್ರಕಾರ ಹೆಚ್ಚುಕಡಿಮೆ ಹಾಗೇ ಅಪ್ಪಾ, ಅಂದೆ. ಇಲ್ಲಿ ಜಮೀನು ಬೇರೆ, ನೀರಿನ ಹಕ್ಕು ಬೇರೆ. ಅಣೆಕಟ್ಟೆಯಲ್ಲಿ ಎಷ್ಟಿದೆ ನೋಡಿ, ಹಕ್ಕಿನಲ್ಲಿ ಈ ವರ್ಷ ಶೇಕಡಾ ಇಷ್ಟು ಅಂತ ಸರ್ಕಾರ ಹೇಳುತ್ತದೆ. ಅಷ್ಟು ನಿಮ್ಮ ಖಾತೆಗೆ ಜಮೆ. ಬೆಳೆಗೆ ಬಿಟ್ಟುಕೊಳ್ಳಿ, ಇಲ್ಲ ಮಾರಿಕೊಳ್ಳಿ. ಲೆಕ್ಕ ಮೆಗಾಲೀಟರ್‌ನಲ್ಲಿ, ಒಂದಕ್ಕೆ 10 ಲಕ್ಷ ಲೀಟರ್. ಬೇಕಾದಾಗ ಆರ್ಡರ್ ಹಾಕಿದರೆ ಗೇಟು ತಾನಾಗಿ ಏಳುತ್ತದೆ. ನೀರುಗಂಟಿಗೆ ಬೀಡಿ ಕೊಡಬೇಕಿಲ್ಲ, ರಾತ್ರಿ ಬ್ಯಾಟರಿ ಹಿಡಿದು ತೂಬು ಕಾಯಬೇಕಿಲ್ಲ.

ಅಪ್ಪ ಸುಮ್ಮನಿದ್ದರು. ಆಮೇಲೆ, "ಮಾರಿದ್ ನೀರು ಎಲ್ಲಿಗೋಯ್ತು?"

ನನಗೂ ಗೊತ್ತಿರಲಿಲ್ಲ. ಸೋಮವಾರ ಸಂಜೆ ಅಜ್ಜನನ್ನೇ ಕೇಳಿದೆ. ಭುಜ ಕುಣಿಸಿದ. "ಬ್ರೋಕರ್ ಮಾರಿಕೊಟ್ಟ. ಹತ್ತಿಯವರೋ, ಬಾದಾಮಿಯವರೋ, ಯಾರೋ." ಮಾರಿದವನಿಗೆ ಕೊಂಡವನು ಗೊತ್ತಿಲ್ಲ. ನಾಲೆಯ ನೀರಿಗಾಗಿ ದಾಯಾದಿಗಳು ಮೂರು ವರ್ಷ ಮಾತುಬಿಟ್ಟ ಮನೆಯಿಂದ ಬಂದವನಿಗೆ ಇದು ಜೀರ್ಣವಾಗಲಿಲ್ಲ. ಜಗಳವಾಡಲಿಕ್ಕಾದರೂ ಎದುರಿಗೆ ಒಂದು ಮುಖ ಬೇಡವೇ?

ಅಜ್ಜ ಜಿಪುಣ. ಕೊಟ್ಟ ಕಿತ್ತಳೆಯ ಚೀಲವನ್ನು ಮರೆಯದೆ ವಾಪಸ್ ಕೇಳುತ್ತಾನೆ. ಆದರೆ ನೀರಿನ ಬಗ್ಗೆ ಕಲ್ಲಲ್ಲ. 2010ರ ಅಕ್ಟೋಬರ್‌ನಲ್ಲಿ, ನದಿಯನ್ನು ಉಳಿಸಲು ರೈತರ ಪಾಲು ಕಡಿತ ಮಾಡುವ ಮರ್ರಿ-ಡಾರ್ಲಿಂಗ್ (ನಮ್ಮ ಮರಮ್‌ಬಿಜಿಯೂ ಸೇರಿದ ನದಿ ಕಣಿವೆ) ಯೋಜನೆಯ ಕರಡು ಪ್ರತಿಗಳನ್ನು ಇದೇ ಊರಿನಲ್ಲಿ ಸುಟ್ಟರಲ್ಲ, ಆ ಗುಂಪಿನಲ್ಲಿ ತಾನೂ ಇದ್ದೆ ಎನ್ನುತ್ತಾನೆ. ಹೆದ್ದಾರಿ ತಡೆದು ಕೂರುವ ನಮ್ಮ ಮಂಡ್ಯದವರ ಸಂಬಂಧಿ ಅಂತಲೇ ಆಗ ಅನ್ನಿಸಿತ್ತು. ಸರ್ಕಾರ ಕೇಳಿದರೆ ಕೊಡುವುದಿಲ್ಲ, ಬ್ರೋಕರ್ ಕೇಳಿದರೆ ಕೊಡುತ್ತಾನೆ. ಆ ಸಲವೂ ಸರ್ಕಾರ ಪುಕ್ಕಟೆ ಏನೂ ಕೇಳಿರಲಿಲ್ಲ, ನಿಜ. ಆದರೂ ಅಜ್ಜನ ಕೋಪ ಯಾವುದರ ಮೇಲೆ ಅಂತ ನನಗೆ ಅರ್ಥವಾಗಿಲ್ಲ. ಎಪ್ಪತ್ತೈದು ದಾಟಿದವನು, ಮಕ್ಕಳು ಸಿಡ್ನಿಯಲ್ಲಿ. ಮಣ್ಣು ಮೆತ್ತಿಕೊಳ್ಳದೆ ದುಡ್ಡು ಬರುತ್ತದೆಂದರೆ ನಮ್ಮಪ್ಪ ಬೇಡ ಅನ್ನುತ್ತಿದ್ದರೇ? ಅನ್ನುತ್ತಿದ್ದರು ಅಂತ ಆಣೆ ಮಾಡಿ ಹೇಳಲಾರೆ.

ನಿನ್ನೆ ಅಪ್ಪನದೇ ಫೋನು. ಹುಷಾರಾ, ಊಟ ಆಯ್ತಾ, ಏನೂ ಇಲ್ಲ.

"ಅವ್ನ್ ಗದ್ದೇಲಿ ಈಗೇನೈತೆ?"

"ಕುರಿ ಬಿಟ್ಟವ್ನೆ."

"ಎಷ್ಟು ಕುರಿ?"