ಬಿಸ್ಕತ್ತು ಕೊಟ್ಟು ಕಲಿಸೋದು ಲಂಚ ಅಲ್ವಾ ಮೇಡಂ?

ಹಾಸನದಲ್ಲಿ ಆಟಿಸಂ ಇರುವ ಮಕ್ಕಳಿಗೆ ಕಲಿಸುವ ಕೆಲಸ ನನ್ನದು. ಆಲೂರು, ಬೇಲೂರು, ಸಕಲೇಶಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನಾನು ಹೇಳಿದ್ದನ್ನು ಮಗು ಮಾಡಿದ ತಕ್ಷಣ ಚೂರು ಬಿಸ್ಕತ್ತು ಅದರ ಕೈಗಿಡುತ್ತೇನೆ. ಅದನ್ನು ನೋಡಿದವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ, "ಇದು ಲಂಚ ಕೊಟ್ಟಂಗಲ್ವಾ ಮೇಡಂ?" ಹೆಚ್ಚಾಗಿ ಅಜ್ಜಿಯಂದಿರು. ಒಮ್ಮೆ ಮದುವೆ ಮನೆಯ ಪಂಕ್ತಿಯಲ್ಲೂ ಕೇಳಿದ್ದರು, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಉತ್ತರ ಹೇಳೋದು ಕಷ್ಟ.

ಅಲ್ಲ, ಲಂಚ ಅಲ್ಲ. ಲಂಚ ಯಾವುದು ಅಂತ ಹೇಳ್ತೀನಿ. ಬಸ್ ಸ್ಟ್ಯಾಂಡಿನಲ್ಲಿ ಮಗು ನೆಲಕ್ಕೆ ಬಿದ್ದು ಕಿರುಚುತ್ತದೆ, ಜನ ನೋಡುತ್ತಾರೆ, ನಾಚಿಕೆ ತಡೆಯಲಾಗದೆ ನಾವು ಮೊಬೈಲ್ ಕೊಡುತ್ತೇವೆ. ಅದು ಲಂಚ. ಅಳು ನಿಲ್ಲುತ್ತದೆ. ಮಗುವಿಗೆ ಮೊಬೈಲ್ ಸಿಕ್ಕಿತು, ನಮಗೆ ನೆಮ್ಮದಿ ಸಿಕ್ಕಿತು, ಹಾಗಾಗಿ ನಾಳೆ ಅವನೂ ಕಿರುಚುತ್ತಾನೆ, ನಾವೂ ಕೊಡುತ್ತೇವೆ. ಇಬ್ಬರೂ ಪಾಠ ಕಲಿತಾಯ್ತು. ಕಾಫಿ ಹಣ್ಣು ಕೊಯ್ದವರಿಗೆ ಸಂಜೆ ತೂಕ ಹಾಕಿ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುತ್ತಾರಲ್ಲ, ಅದನ್ನು ಯಾರಾದರೂ ಲಂಚ ಅಂತಾರಾ? ಕೂಲಿ ಅಂತಾರೆ. ನನ್ನ ಬಿಸ್ಕತ್ತು ಕೂಲಿ.

ಈ ವಿದ್ಯೆಗೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ ಅಂತ ಹೆಸರು, ನಾವೆಲ್ಲ ಎಬಿಎ ಅಂತೀವಿ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳ ಇಟ್ಟುಕೊಂಡು ನಡೆಸಿದ ಪ್ರಯೋಗಗಳಲ್ಲಿ ಇದರ ಬೇರು ಇದೆ. ಮನುಷ್ಯರ ದಿನನಿತ್ಯದ ಬದುಕಿಗೆ ಇದನ್ನು ಹೇಗೆ ಹಚ್ಚಬೇಕು, ಏನೇನು ಇದ್ದರೆ ಅದನ್ನು ಎಬಿಎ ಅನ್ನಬಹುದು ಅಂತ ಬೇರ್, ವುಲ್ಫ್, ರಿಸ್ಲೆ ಅನ್ನುವ ಮೂವರು 1968ರಲ್ಲಿ ಏಳು ಲಕ್ಷಣ ಪಟ್ಟಿ ಮಾಡಿದರು. ಏಳನ್ನೂ ಇಲ್ಲಿ ಹೇಳಲ್ಲ. ತಿರುಳು ಇಷ್ಟೇ: ಒಂದು ವರ್ತನೆಯ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಅಂತ ನೋಡಿ. ಸುಮ್ನೆ ನೋಡಿದರೆ ಸಾಲದು, ಬರೆದಿಡಬೇಕು. ನನ್ನ ನೋಟ್ ಬುಕ್ಕಿನಲ್ಲಿ ಮೂರು ಕಾಲಂ ಇವೆ: ಮುಂಚೆ, ವರ್ತನೆ, ಆಮೇಲೆ.

ಬಿ.ಎಡ್ ಮಾಡಿದವರು ಪುನರ್ಬಲನ ಅಂತ ಓದಿರ್ತೀರಿ. ಏನು ಸಿಕ್ಕಿದರೆ ಆ ವರ್ತನೆ ಜಾಸ್ತಿ ಆಗುತ್ತದೋ ಅದು ಪುನರ್ಬಲನ. ಜಾಸ್ತಿ ಆಗದಿದ್ದರೆ ಎಷ್ಟು ಚಾಕೊಲೇಟ್ ಕೊಟ್ಟರೂ ಅದು ಪುನರ್ಬಲನ ಅಲ್ಲ, ಖರ್ಚು. ಇದರಲ್ಲಿ ಋಣಾತ್ಮಕ ಅಂತ ಇನ್ನೊಂದು ಬಗೆ ಇದೆ. ಪರೀಕ್ಷೆಗೆ ಉರು ಹೊಡೆಯುವಾಗ ಅದನ್ನು ಶಿಕ್ಷೆ ಅಂದುಕೊಂಡವರೇ ಜಾಸ್ತಿ, ನಾನೂ ಸೇರಿ. ಅದು ಶಿಕ್ಷೆಯಲ್ಲ, ಬೇಡದ್ದು ತಪ್ಪಿ ಹೋಗುವುದು.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ತಪ್ಪು ಮಾಡಿದ ಮೇಲೆ. ಐದು ವರ್ಷದ ಹುಡುಗ, ಮಾತು ಇನ್ನೂ ಬಂದಿರಲಿಲ್ಲ. ಬರೆಯಲು ಕೂರಿಸಿದರೆ ಸಾಕು, ಸ್ಲೇಟು ಎಸೆದು ಕೈ ಕಚ್ಚಿಕೊಳ್ಳುತ್ತಿದ್ದ. ಎಲ್ಲರೂ ತನ್ನನ್ನೇ ನೋಡಲಿ ಅಂತ ಮಾಡ್ತಾನೆ ಅಂದುಕೊಂಡೆ. ಎಸೆದಾಗಲೆಲ್ಲ ಮೂಲೆಯ ಚಾಪೆಯಲ್ಲಿ ಕೂರಿಸಿ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎರಡು ವಾರದಲ್ಲಿ ಎಸೆಯುವುದು ದುಪ್ಪಟ್ಟಾಯಿತು. ಒಂದು ರಾತ್ರಿ ನೋಟ್ ಬುಕ್ ತೆರೆದು ನೋಡಿದರೆ, "ಮುಂಚೆ" ಕಾಲಮ್ಮಿನಲ್ಲಿ ಪ್ರತಿ ಸಲವೂ ಸ್ಲೇಟು, "ಆಮೇಲೆ" ಕಾಲಮ್ಮಿನಲ್ಲಿ ಪ್ರತಿ ಸಲವೂ ಚಾಪೆ! ಅವನಿಗೆ ಬೇಕಿದ್ದದ್ದು ಬರವಣಿಗೆಯಿಂದ ಬಿಡುಗಡೆ. ಶಿಕ್ಷೆ ಅಂದುಕೊಂಡು ಅದನ್ನೇ ನಾನು ದಿನಾ ಕೊಡುತ್ತಿದ್ದೆ.

ಹಟ, ಕಿರುಚಾಟದ ಹಿಂದೆ ಸಾಮಾನ್ಯವಾಗಿ ನಾಲ್ಕು ಕಾರಣ ಹುಡುಕುತ್ತೇವೆ. ಯಾರಾದರೂ ಗಮನಿಸಲಿ ಅಂತ, ಬೇಡದ್ದು ತಪ್ಪಲಿ ಅಂತ, ಒಂದು ವಸ್ತು ಬೇಕು ಅಂತ, ಇಲ್ಲವೇ ಹಾಗೆ ಮಾಡುವುದರಲ್ಲೇ ಮೈಗೆ ಹಿತ ಇದೆ ಅಂತ. ನೋಡಲು ಒಂದೇ ಥರದ ಅಳು, ಕಾರಣ ಬೇರೆ, ಮದ್ದೂ ಬೇರೆ. 1985ರಲ್ಲಿ ಕಾರ್ ಮತ್ತು ಡುರಾಂಡ್ ಅನ್ನುವ ಇಬ್ಬರು ಸಂಶೋಧಕರು ತೋರಿಸಿದ ದಾರಿ ನನಗೆ ಬಹಳ ಇಷ್ಟ: ಕಿರುಚಿ ಪಡೆಯುವುದನ್ನೇ ಕೇಳಿ ಪಡೆಯಲು ಕಲಿಸಿ. ಆ ಹುಡುಗನಿಗೆ "ಸಾಕು" ಅನ್ನುವ ಒಂದು ಕಾರ್ಡ್ ಮಾಡಿಕೊಟ್ಟೆ. ತೋರಿಸಿದರೆ ಸ್ಲೇಟು ತಕ್ಷಣ ಪಕ್ಕಕ್ಕೆ, ಎರಡು ನಿಮಿಷ ಬಿಡುವು. ಜೊತೆಗೆ ಬರೆಯುವುದನ್ನೂ ಕಡಿಮೆ ಮಾಡಿದೆ, ಮೊದಲಿಗೆ ಒಂದೇ ಒಂದು ಗೆರೆ. ಸಕಲೇಶಪುರದ ಕಡೆ ತೋಟದವರು ಆನೆ ಬಂದ ಮೇಲೆ ಪಟಾಕಿ ಹೊಡೆಯುವುದಕ್ಕಿಂತ ಹಲಸು ಹಣ್ಣಾಗುವ ಮೊದಲೇ ಕಿತ್ತುಹಾಕುವುದು ಮೇಲು ಅಂತಾರಲ್ಲ, ಹಾಗೆ. (ಮಕ್ಕಳನ್ನು ಆನೆಗೆ ಹೋಲಿಸ್ತೀರಾ ಅಂತ ಬೈಬೇಡಿ, ನನ್ನನ್ನೂ ಸೇರಿಸಿಯೇ ಹೇಳ್ತಿದ್ದೀನಿ.)

ಒಂದು ಎಚ್ಚರಿಕೆ. ಇಷ್ಟು ದಿನ ಕಿರುಚಿದರೆ ಮೊಬೈಲ್ ಕೊಟ್ಟು, ಇವತ್ತಿಂದ ಇಲ್ಲ ಅಂದರೆ ಕಿರುಚಾಟ ಮೊದಲು ಇನ್ನೂ ಜೋರಾಗಬಹುದು, ಆಮೇಲೆ ಇಳಿಯುತ್ತದೆ. ಆ ಜೋರಿಗೆ ಹೆದರಿ ನಾಲ್ಕನೇ ದಿನ ಕೊಟ್ಟುಬಿಟ್ಟರೆ ಮುಗೀತು. ಯಾವಾಗಲೋ ಒಮ್ಮೆ ಸಿಗುತ್ತದೆ ಅನ್ನುವ ಆಸೆ ದಿನಾ ಸಿಗುವುದಕ್ಕಿಂತ ಗಟ್ಟಿ. ಲಾಟರಿ ಟಿಕೆಟ್ ಕೊಳ್ಳುತ್ತಿದ್ದವರನ್ನು ಕೇಳಿ. ಮಗು ತನಗೆ ತಾನೇ ಪೆಟ್ಟು ಮಾಡಿಕೊಳ್ಳುವಂತಿದ್ದರೆ ಮಾತ್ರ ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ, ತಿಳಿದವರ ಜೊತೆ ಮಾಡಿ.

ಎಬಿಎ ಮೇಲೆ ದೂರುಗಳೂ ಇವೆ, ಸುಮ್ನೆ ಬಂದವಲ್ಲ. ಆಟಿಸಂ ಇರುವ ಮಕ್ಕಳಿಗೆ ಎಬಿಎ ಹಚ್ಚಿ ನೋಡಿದ ಮನಶ್ಶಾಸ್ತ್ರಜ್ಞ ಲೊವಾಸ್ ಅವರ 1987ರ ಹೆಸರಾಂತ ಅಧ್ಯಯನದಲ್ಲಿ ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಮಾಮೂಲಿ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರು. ಎಲ್ಲರೂ ಹೇಳುವುದು ಇಷ್ಟನ್ನೇ. ಅಲ್ಲಿ ಗದರುವುದು, ತೊಡೆಗೆ ಹೊಡೆಯುವುದೂ ಇತ್ತು. ಆಟಿಸಂ ಇರುವ ಎಷ್ಟೋ ಮಂದಿ ದೊಡ್ಡವರಾದ ಮೇಲೆ, ನಮ್ಮನ್ನು ಬೇರೆಯವರ ಥರ ನಟಿಸಲು ಕಲಿಸಿದಿರಿ ಅಂತ ನೊಂದು ಹೇಳಿದ್ದಾರೆ. ಹಾಗಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ನಾನು ಯಾವ ಮಗುವಿಗೂ ಒತ್ತಾಯ ಮಾಡಲ್ಲ. ಕೈ ಅಲ್ಲಾಡಿಸಿಕೊಂಡು ಖುಷಿ ಪಡುವ ಮಗುವಿನ ಕೈ ಹಿಡಿಯುವುದೂ ಇಲ್ಲ, ಅದರಿಂದ ಯಾರಿಗೇನು ನಷ್ಟ?

ಬಿಸ್ಕತ್ತು ಕಾಲೇಜಿಗೆ ಹೋಗುವ ತನಕವೂ ಕೊಡಬೇಕಾ ಅಂತ ಲಂಚದ ಮಾತೆತ್ತಿದ ಒಬ್ಬ ಅಜ್ಜಿ ಕೇಳಿದರು. ಬೇಡ ಅಜ್ಜಿ. ಮೊದಲು ಪ್ರತಿ ಸಲ, ಆಮೇಲೆ ಎರಡಕ್ಕೊಂದು, ಐದಕ್ಕೊಂದು. ಜೊತೆಗೆ ಒಂದು ನಗು, "ಭಲೇ" ಅನ್ನುವ ಮಾತು ಸೇರಿಸುತ್ತಾ ಹೋದರೆ ಕೊನೆಗೆ ಅದೇ ಸಾಕಾಗುತ್ತದೆ. ಕೆಲವು ಮಕ್ಕಳಿಗೆ ನಗು ಲೆಕ್ಕಕ್ಕೇ ಇಲ್ಲ, ಅವರಿಗೆ ಉಯ್ಯಾಲೆಯೋ ನೀರಾಟವೋ ಬೇಕು.

ಆ ಹುಡುಗ ಈಗ ಸ್ಲೇಟು ಎಸೆಯುವುದಿಲ್ಲ, ನನ್ನ ಹತ್ತಿರ. ಮನೆಯಲ್ಲಿ ಅಜ್ಜಿಗೂ ಕಾರ್ಡ್ ತೋರಿಸುತ್ತಾನಂತೆ. ಅಪ್ಪನಿಗೆ ಮಾತ್ರ ಇನ್ನೂ ಇಲ್ಲ, ಅಪ್ಪ ಕೂರಿಸಿದರೆ ಪುಸ್ತಕ ಹಾರುತ್ತದೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ, ಅಲ್ಲಿಯೂ ಕಲಿಸಬೇಕು. ಮುಂದಿನ ವಾರ ನೀವೂ ಬನ್ನಿ ಅಂತ ಅವರಿಗೆ ಫೋನ್ ಮಾಡಿದ್ದೆ. ಕಾಫಿ ಕೊಯ್ಲು ಮುಗೀಲಿ ಮೇಡಂ, ಬರ್ತೀನಿ ಅಂದಿದ್ದಾರೆ.